ವಾಟರ್‌ಲೂನಲ್ಲಿ ಉಕ್ಕಿದ ಹಾಲು

ವಾಟರ್‌ಲೂ ಯುದ್ಧ ನಡೆದದ್ದು 1815ರ ಜೂನ್ 18ರಂದು, ಭಾನುವಾರ. ನಾನು ಅದನ್ನು ಸೋಲುವುದೂ ಭಾನುವಾರವೇ. ಮಿಕ್ಕ ದಿನಗಳಲ್ಲಿ ಆಫೀಸಿನಲ್ಲಿ ಸೋಲುವ ಕೆಲಸವಿರುತ್ತದೆ.

ಕಂಪ್ಯೂಟರಿನಲ್ಲಿ ನಾನು ನೆಪೋಲಿಯನ್. ಪರದೆ ತುಂಬ ಜೇನುಗೂಡಿನಂಥ ಆರು ಮೂಲೆಯ ಮನೆಗಳು, ಅವುಗಳಲ್ಲಿ ನನ್ನ ಸುಮಾರು 73 ಸಾವಿರ ಸೈನಿಕರು. ಈ ಮನೆಯಲ್ಲಿ ನನ್ನ ಮಾತು ಕೇಳುವವರು ಅವರಷ್ಟೇ. ಹಿಂದಿನ ರಾತ್ರಿ ಸುರಿದ ಮಳೆಗೆ ನೆಲವೆಲ್ಲ ಕೆಸರು. ಅದು ಆರಲೆಂದು ಅಸಲಿ ನೆಪೋಲಿಯನ್ ಹನ್ನೊಂದೂವರೆಯ ತನಕ ಕಾದ. ನಾನೂ ಕಾದೆ, ಸ್ನಾನ ಮಾಡದೆ.

"ರೀ, ಒಲೆ ಮೇಲೆ ಹಾಲಿಟ್ಟಿದ್ದೀನಿ. ಬಟ್ಟೆ ಒಣಹಾಕಿ ಬರ್ತೀನಿ, ಸ್ವಲ್ಪ ನೋಡ್ಕೊಳ್ಳಿ."

"ಹೂಂ" ಅಂದೆ.

ನೆಪೋಲಿಯನ್‌ನ ಮಾರ್ಷಲ್ ನೇ ಮಾಡಿದ ಎಡವಟ್ಟು ನನಗೆ ಬಾಯಿಪಾಠ. ಕಾಲಾಳುಗಳ ಬೆಂಬಲವಿಲ್ಲದೆ ಕುದುರೆ ದಂಡನ್ನು ನುಗ್ಗಿಸಿದ. ಇಂಗ್ಲಿಷರು ಚೌಕ ಕಟ್ಟಿ ನಾಲ್ಕೂ ಕಡೆ ಬಯೊನೆಟ್ಟು ಚಾಚಿ ನಿಂತರು. ಮುಳ್ಳುಹಂದಿಗೆ ಮೂತಿ ತಾಗಿಸಲು ಯಾವ ಕುದುರೆಗೆ ಮನಸ್ಸು ಬಂದೀತು? ಇದರ ಮೇಲೆ ಮೂರು ಪುಸ್ತಕ ಓದಿದ ನಾನು ಮಾಡಿದ್ದೂ ಅದನ್ನೇ. ಪರದೆಯ ಮೇಲೆ ಕುದುರೆಗಳು ಎಷ್ಟು ಚೆನ್ನಾಗಿ ಓಡುತ್ತವೆ ಅಂತೀರಿ!

ಬಲಗಡೆಯಿಂದ ಸುಟ್ಟ ವಾಸನೆ ಬಂತು. ಇಂಗ್ಲಿಷರ ಬೆಂಬಲಕ್ಕೆ ಬ್ಲೂಷರ್‌ನ ಪ್ರಷ್ಯನ್ ದಂಡು ಬರುವುದೂ ಬಲದಿಂದಲೇ. ಅವರನ್ನು ಹಿಡಿದು ನಿಲ್ಲಿಸಲು 33 ಸಾವಿರ ಜನರನ್ನು ಕರೆದುಕೊಂಡು ಹೋದ ಗ್ರೂಷಿ ಅತ್ತ ವಾವ್ರ್ ಊರಿನಲ್ಲೇ ಉಳಿದ. ಆಟದಲ್ಲಿ ಈಗ ವಾಸನೆಯನ್ನೂ ಸೇರಿಸಿದ್ದಾರಲ್ಲ ಎಂದು ಹಿಗ್ಗಿದೆ. ನಮ್ಮ ಅಡುಗೆಮನೆಯೂ ಬಲಗಡೆಗೇ ಇದೆ ಎಂಬುದು ಹೊಳೆಯಲೇ ಇಲ್ಲ.

ಹೆಂಡತಿ ಬಂದಳು. ಬ್ಲೂಷರ್‌ಗಾದರೂ 72 ವರ್ಷ. ಎರಡು ದಿನದ ಹಿಂದಷ್ಟೇ ಸತ್ತ ಕುದುರೆಯಡಿ ಸಿಕ್ಕಿ ಮೈ ಜಜ್ಜಿತ್ತು. ಇವಳಿಗೆ ಅಂಥ ತೊಂದರೆ ಯಾವುದೂ ಇರಲಿಲ್ಲ.

"ಯಾರ ಜೊತೆ ಈ ಯುದ್ಧ?"

"ವೆಲಿಂಗ್ಟನ್ ಕಣೇ. ಭಾರೀ ಆಸಾಮಿ."

"ಆ ವೆಲ್ಲೆಸ್ಲಿ ತಾನೆ?" ಇವಳ ತವರು ಶ್ರೀರಂಗಪಟ್ಟಣ. 1799ರ ಏಪ್ರಿಲ್‌ನ ಸಂಗತಿ ನಿನ್ನೆಯದೇನೋ ಎಂಬಂತೆ ಹೇಳಿದಳು: "ನಮ್ಮೂರ ಸುಲ್ತಾನ್‌ಪೇಟೆ ತೋಪಿಗೆ ರಾತ್ರಿ ಹೊತ್ತು ನುಗ್ಗಿ, ಕತ್ತಲಲ್ಲಿ ದಿಕ್ಕುತಪ್ಪಿ, ಟಿಪ್ಪು ಸೈನ್ಯದ ಹೊಡೆತಕ್ಕೆ ವಾಪಸ್ ಹೋದೋನು. ಅವನ ಕೈಲೂ ಸೋತ್ರಾ?"

ನೆಪೋಲಿಯನ್‌ನನ್ನು ಸೇಂಟ್ ಹೆಲೆನಾಕ್ಕೆ ಕಳಿಸಿದರು, ನನ್ನನ್ನು ಸಿಂಕಿಗೆ. ಹುಣಸೆಹಣ್ಣು ಹಾಕಿ, ತೆಂಗಿನ ನಾರಿನಿಂದ ಉಜ್ಜಿದ್ದಾಯಿತು. ಪಾತ್ರೆಯ ತಳದ ಕರಿ ಇನ್ನೂ ಬಿಟ್ಟಿಲ್ಲ.