ಬೀರುವಿನೊಳಗಿನ ವಿಜ್ಞಾನ

ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಯು ಉಪಗ್ರಹದ ಮೂಲಕ ನೀಡುತ್ತ ಬಂದಿರುವ ತರಬೇತಿಯಲ್ಲಿ ಚಿತ್ರವು ಒಂದೇ ದಿಕ್ಕಿಗೆ ಹರಿದು ಧ್ವನಿ ಮಾತ್ರ ಎರಡೂ ದಿಕ್ಕಿಗೆ ಸಾಗುವುದರಿಂದ, ಕಲಿಯುವವನು ಪ್ರಶ್ನೆ ಕೇಳಬಹುದಾದರೂ ಅವನ ಮುಖ ಕಲಿಸುವವರಿಗೆ ಕಾಣದು. ಆಕಳಿಕೆಗೆ ಇದಕ್ಕಿಂತ ಅನುಕೂಲವಾದ ತಂತ್ರಜ್ಞಾನ ಇನ್ನೊಂದಿರಲಾರದು. ಮರಳವಾಡಿ ಹೋಬಳಿಯ ಕಲ್ಪಿತ ಪಂಚಾಯಿತಿಯೊಂದರಲ್ಲಿ ಅಭಿವೃದ್ಧಿ ಅಧಿಕಾರಿಗೂ ನೀರುಗಂಟಿಗೂ, ಎಂದರೆ ಕೊಳವೆಬಾವಿಯ ಮೋಟಾರು ಹಾಕಿ ಊರಿಗೆ ನೀರು ಬಿಡುವ ನೌಕರನಿಗೂ, ತರಬೇತಿಯ ಮರುದಿನ ಇಂಥ ಸಂಭಾಷಣೆ ನಡೆಯಿತೆಂದು ಭಾವಿಸಬಹುದು.

“ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಏನಾಗುತ್ತದೆ ಹೇಳಿ?”

“ಹಲ್ಲು ಕಂದುಗಟ್ಟುತ್ತದೆ, ಬರಬರುತ್ತಾ ಮೂಳೆ ಸೊಟ್ಟಗಾಗುತ್ತದೆ, ಸಾರ್.”

“ಭೇಷ್! ನಿಮ್ಮ ಸಾಮರ್ಥ್ಯವರ್ಧನೆಯಾಗಿದೆ, ಇಲ್ಲಿ ರುಜು ಹಾಕಿ.”

“ನಮ್ಮೂರ ನೀರಿನಲ್ಲಿ ಎಷ್ಟಿದೆ ಸಾರ್? ಪರೀಕ್ಷೆ ಮಾಡುವ ಕಿಟ್ ಎಲ್ಲಿ?”

“ಬೀರುವಿನಲ್ಲಿ ಭದ್ರವಾಗಿದೆ.”

“ಬೀಗದ ಕೈ?”

“ಗುಮಾಸ್ತರ ಬಳಿ. ಅವರು ತರಬೇತಿಗೆ ಹೋಗಿದ್ದಾರೆ.”

“ಯಾವ ತರಬೇತಿಗೆ?”

“ಕಿಟ್ ಬಳಸುವುದನ್ನು ಕಲಿಯಲು.”

ಕಿಟ್‌ನೊಳಗಿನ ದ್ರಾವಣದ, ಅಂದರೆ ನೀರಿಗೆ ಬೆರೆಸಿದಾಗ ಬಣ್ಣ ಬದಲಾಯಿಸಿ ಫ್ಲೋರೈಡಿನ ಪ್ರಮಾಣವನ್ನು ತೋರಿಸುವ ರಾಸಾಯನಿಕದ, ಅವಧಿ ಅದೇ ತಿಂಗಳಿಗೆ ಮುಗಿಯುವುದಿತ್ತು; ಗುಮಾಸ್ತರು ಹಿಂದಿರುಗುವುದು ಮುಂದಿನ ತಿಂಗಳಿಗಿತ್ತು.