ಚೆಂಡು ಎಂದರೆ ಏನು ಸಾರ್?

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಮುಂದಿನವರ ಬೆನ್ನು ನೋಡುತ್ತ ವಾಕಿಂಗ್ ಹೊರಟರೆ, ಸ್ವಲ್ಪ ಹೊತ್ತಿಗೆ ಅವರೇ ನಮ್ಮ ಬೆನ್ನು ನೋಡುತ್ತ ಬರುತ್ತಿರುತ್ತಾರೆ. ಅಷ್ಟು ಚಿಕ್ಕದು. ಅಷ್ಟರೊಳಗೆ ಒಂದು ಹೊಂಗೆಮರ, ಒಂದು ಜಾರುಬಂಡೆ, ದಾನಿಗಳ ಹೆಸರು ಹೊತ್ತ ಕಲ್ಲುಬೆಂಚುಗಳು. ಉಳಿದದ್ದೆಲ್ಲ ಬೋರ್ಡು: ಹೂ ಕೀಳಬಾರದು, ಹುಲ್ಲು ತುಳಿಯಬಾರದು, ನಾಯಿ ತರಬಾರದು.

ಲಾ ಕಾಲೇಜಿನಲ್ಲಿ ಲೀಗಲ್ ಇಂಗ್ಲಿಷ್ ಹೇಳಿಕೊಟ್ಟು ಹೊಟ್ಟೆ ಹೊರೆಯುವ ನನಗೆ ಇದಕ್ಕಿಂತ ಒಳ್ಳೆಯ ಪಠ್ಯಪುಸ್ತಕ ಸಿಕ್ಕೀತೆ? ಬೋರ್ಡಿನ ಮಾತು ಕೆದಕುವ ಈ ಹುಚ್ಚಿಗೆ ದೊಡ್ಡವರ ಬೆಂಬಲವೂ ಉಂಟು. ಪಾರ್ಕಿಗೆ ವಾಹನ ತರಕೂಡದು ಅಂದರೆ ಕಾರು ಸರಿ, ಸೈಕಲ್ಲು? ಆಟದ ಕಾರು? ಎಂದು ಕಾನೂನು ಪಂಡಿತ ಎಚ್.ಎಲ್.ಎ. ಹಾರ್ಟ್ 1958ರಲ್ಲಿ ಹಾರ್ವರ್ಡ್ ಲಾ ರಿವ್ಯೂನಲ್ಲಿ ಕೇಳಿದರು. ಯುದ್ಧದಲ್ಲಿ ಓಡಿದ ಲಾರಿಯನ್ನು ಸ್ಮಾರಕವೆಂದು ಕಟ್ಟೆಯ ಮೇಲೆ ನಿಲ್ಲಿಸಿದರೆ ಆಗೇನನ್ನುತ್ತೀರಿ ಎಂದು ಲಾನ್ ಫುಲ್ಲರ್ ಅದೇ ವರ್ಷ ಜಗಳಕ್ಕೆ ಬಂದರು. ಕಾನೂನು ಓದುವವರು ಇವತ್ತಿಗೂ ಆ ಲಾರಿಯನ್ನು ತಳ್ಳುತ್ತಲೇ ಇದ್ದಾರೆ.

ಹೀಗಿರುವಾಗ ಬಡಾವಣೆ ಸಂಘದ ಕಾರ್ಯದರ್ಶಿಗಳು, “ಮೇಷ್ಟ್ರೇ, ಹುಡುಗರ ಚೆಂಡಾಟದ ಕಾಟ ಜಾಸ್ತಿಯಾಗಿದೆ. ಕೋರ್ಟ್ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಒಂದು ಬೋರ್ಡು ಬರೆದುಕೊಡಿ” ಅಂದರು. ಸಂವಿಧಾನದ ಕರಡು ಸಮಿತಿಗೇ ಕರೆದರೇನೋ ಅನ್ನುವಷ್ಟು ಉಬ್ಬಿಹೋದೆ. ಕ್ಲಾಸಿಗೆ ಅದನ್ನೇ ಅಸೈನ್‌ಮೆಂಟ್ ಕೊಟ್ಟೆ.

“ಚೆಂಡು ಎಂದರೆ ಏನು ಸಾರ್?” ಮೊದಲ ಸಾಲಿನ ಹುಡುಗಿ ಕೇಳಿದಳು. ದುಂಡಗಿನ ವಸ್ತು ಅಂದೆ. “ಹಾಗಾದರೆ ತೆಂಗಿನಕಾಯಿ?” ಹೌದಲ್ಲ! ಗೇಟಿನ ಗಣೇಶನಿಗೆ ಈಡುಗಾಯಿ ಹೊಡೆಯುವವರ ಗತಿಯೇನು? ಒಂದು ‘ಪ್ರೊವೈಡೆಡ್ ದಟ್’ ಹಾಕಿ ಕಾಯಿಗೆ ವಿನಾಯಿತಿ ಕೊಟ್ಟೆವು. ಹಿಂದಿನ ಬೆಂಚಿನಿಂದ, “ರಬ್ಬರ್ ಬ್ಯಾಂಡ್ ಸುತ್ತಿದ ಕಾಗದದ ಉಂಡೆ?” ‘ಮೀನ್ಸ್ ಅಂಡ್ ಇನ್‌ಕ್ಲೂಡ್ಸ್’ ಎಂದು ಅದನ್ನೂ ಬಾಚಿಕೊಂಡೆವು. “ನಿಂಬೆಹಣ್ಣು?” “ಎಸೆದರೆ ಚೆಂಡು, ಹಿಂಡಿದರೆ ಪಾನಕ” ಎಂದು ಇನ್ನೊಬ್ಬ ತೀರ್ಪು ಕೊಟ್ಟ. ಅಂದರೆ ಉದ್ದೇಶ ಮುಖ್ಯ. ‘ವಿತ್ ಇಂಟೆಂಟ್ ಟು ಪ್ಲೇ’ ಒಳಗೆ ಬಂತು. ಉದ್ದೇಶ ರುಜುವಾತು ಮಾಡುವ ಭಾರ ಯಾರ ಮೇಲೆ? ಪಾಪ, ವಾಚ್‌ಮನ್ ಮೇಲೆ. ಪಾರ್ಶ್ವವಾಯು ಬಡಿದ ತಾತ ಬೆಂಚಿನಲ್ಲಿ ಕೂತು ಹಿಸುಕುವ ಸ್ಪಂಜಿನ ಚೆಂಡು? ಅದಕ್ಕೊಂದು ಶೆಡ್ಯೂಲು. ತಾತ ಅದನ್ನು ಮೊಮ್ಮಗನಿಗೆ ಎಸೆದರೆ? ಶೆಡ್ಯೂಲಿಗೊಂದು ಎಕ್ಸ್‌ಪ್ಲನೇಷನ್ನು. ಬೆಲ್ ಹೊಡೆದರೂ ಒಬ್ಬರೂ ಏಳಲಿಲ್ಲ. ನನ್ನ ಕ್ಲಾಸಿನ ಮಟ್ಟಿಗೆ ಇದು ಪವಾಡ.

“ಇಷ್ಟಕ್ಕೂ ಪಾರ್ಕು ಯಾರದು ಸಾರ್?” ಎಂದು ಯಾರೋ ಕೇಳಿದಾಗ ಮುದ್ದಪ್ಪ ಕೇಸು ಹೇಳಿದೆ. ಬೆಂಗಳೂರಿನ ಸದಾಶಿವನಗರದಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಬಿಡಿಎ ಖಾಸಗಿ ಆಸ್ಪತ್ರೆ ಕಟ್ಟುವವರಿಗೆ ಕೊಟ್ಟಿತ್ತು. ಮುದ್ದಪ್ಪ ಮೊದಲಾದ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ನಿಮಗೆ ಕೇಳುವ ಹಕ್ಕೆಲ್ಲಿದೆ ಎಂಬ ವಾದ ನಿಲ್ಲಲಿಲ್ಲ. 1991ರಲ್ಲಿ ಸುಪ್ರೀಂ ಕೋರ್ಟು ಜಾಗವನ್ನು ಪಾರ್ಕಿಗೇ ಉಳಿಸಿತು. ಹಾಗೆ ಬಡಿದಾಡಿ ಉಳಿಸಿಕೊಂಡ ಹಕ್ಕಿನ ಮೇಲೆ ಕೂತು ನಮ್ಮ ಹಿರಿಯರು ಈಗ ಮಕ್ಕಳನ್ನು ಓಡಿಸುತ್ತಿದ್ದಾರೆ. ಖಾಲಿ ಸೈಟುಗಳೆಲ್ಲ ಮನೆಯಾದವು. ರಸ್ತೆಯ ಎರಡೂ ಬದಿ ಇದೇ ಹಿರಿಯರ ಕಾರು. ಇನ್ನು ಆ ಹುಡುಗರು ಟೆರೇಸಿನ ಸಿಂಟೆಕ್ಸ್ ಮೇಲೆ ಆಡಬೇಕೇ?

ಆ ರಾತ್ರಿ ಕರಡಿಗೆ ನಾನೇ ಇನ್ನಷ್ಟು ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಸುರಿದೆ. ಕೊನೆಯ ಪುಟದ ಒಂದು ಪ್ರೊವೈಸೋದ ಹೊಟ್ಟೆಯೊಳಗೆ, ಹದಿನಾರು ತುಂಬದವರಿಗೆ ಮೇಲಿನ ಯಾವುದೂ ಅನ್ವಯಿಸದು ಎಂದು ಸೇರಿಸಿಟ್ಟೆ.

ಕಾರ್ಯದರ್ಶಿಗಳು ಕಾಗದದ ಕಟ್ಟನ್ನು ಕೈಯಲ್ಲಿ ತೂಗಿ ನೋಡಿ, “ಇದಪ್ಪಾ ಇಂಗ್ಲಿಷು!” ಎಂದು ಬೀಗಿದರು. ಓದುವ ಗೋಜಿಗೆ ಹೋಗಲಿಲ್ಲ. ಓದಿದವನು ಬೋರ್ಡ್ ಬರೆಯುವವನೊಬ್ಬನೇ, ಅದೂ ಅಕ್ಷರ ಎಣಿಸಲಿಕ್ಕೆ. ಎಣಿಸಿ, ಪಾರ್ಕನ್ನೊಮ್ಮೆ ಸುತ್ತಿ ಬಂದು ಹೇಳಿದ: “ಕಾಂಪೌಂಡು ಒಳಗೂ ಹೊರಗೂ ಬರೀತೀನಿ ಸಾರ್. ಶೆಡ್ಯೂಲಿಗೆ ಮಾತ್ರ ಎದುರುಮನೆಯವರ ಗೋಡೆ ಕೇಳಿ.”