ಸ್ಟಿಕರಪ್ಪನವರು

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಬ್ಲಾಕಿಗೊಬ್ಬರಂತೆ ಸ್ಟಿಕರಪ್ಪನವರು ಇದ್ದೇ ಇರುತ್ತಾರೆ. ಮನೆ ನಂಬರು ಕೇಳಬೇಕಾಗಿಲ್ಲ, ಬಾಗಿಲು ತೆರೆದಿದ್ದರೆ ಸಾಕು. ಸೋಫಾದ ಹಿಂದಿನ ಗೋಡೆಯಲ್ಲಿ ಕರೀ ಮರವೊಂದು ಬಲಕ್ಕೆ ವಾಲಿ ನಿಂತಿರುತ್ತದೆ. ಕೊಂಬೆಗೊಂದು ಪಂಜರ, ಪಂಜರದ ಬಾಗಿಲು ತೆರೆದು ಐದಾರು ಹಕ್ಕಿಗಳು ಟೀವಿಯ ಕಡೆಗೆ ಹಾರುತ್ತಿರುತ್ತವೆ. ಸ್ವಿಚ್‌ಬೋರ್ಡಿನ ಮೇಲೆ ಬೆಕ್ಕು. ಬಚ್ಚಲುಮನೆ ಬಾಗಿಲಿಗೆ ಡಾಲ್ಫಿನ್. ಮಕ್ಕಳ ಕೋಣೆಯಲ್ಲಿ ಎತ್ತರ ಅಳೆಯುವ ಜಿರಾಫೆ. ಅಂಟಿಸುವಾಗ ಬುಡ ನೆಲ ಮುಟ್ಟದೆ ನಾಲ್ಕು ಬೆರಳು ಮೇಲೆ ಉಳಿದಿದ್ದರಿಂದ ಮನೆಯ ಮಕ್ಕಳೆಲ್ಲ ಲೆಕ್ಕದಲ್ಲಿ ನಾಲ್ಕು ಬೆರಳು ಕುಳ್ಳು. ಒಲೆಯ ಹಿಂದೆ ಎಣ್ಣೆ ಹಿಡಿಯದ ಹೊಳೆಯುವ ಹಾಳೆ, ಅದರ ತುಂಬ ಇಟಲಿಯ ಕಾಫಿ ಲೋಟಗಳು. ಒಲೆಯ ಮೇಲೆ ಕುದಿಯುತ್ತಿರುವುದು ಹುರುಳಿ ಸಾರು.

ನಮ್ಮ ಬ್ಲಾಕಿನ ಸ್ಟಿಕರಪ್ಪನವರು ಎರಡನೇ ಮಹಡಿಯವರು. ಯಾವುದೋ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ, ಅದು ಆಧಾರ್ ಕಾರ್ಡಿನಲ್ಲಿ ಸುರಕ್ಷಿತವಾಗಿದೆ. ಉದ್ದನೆಯ ರಟ್ಟಿನ ಕೊಳವೆಯಲ್ಲಿ ಏನು ಪಾರ್ಸೆಲ್ ಬಂದರೂ ಸೆಕ್ಯೂರಿಟಿಯವನು ವಿಳಾಸ ನೋಡದೆ ಎರಡನೇ ಮಹಡಿಗೆ ಕಳಿಸುತ್ತಾನೆ. ಮೇಲಿನ ಮನೆಯ ಹುಡುಗನ ಡಿಗ್ರಿ ಸರ್ಟಿಫಿಕೇಟು ಒಮ್ಮೆ ಹಾಗೇ ಹೋಗಿತ್ತಂತೆ. ವಾಪಸು ಕೊಡುವ ಮೊದಲು ಅಪ್ಪನವರು ಅದರ ಬೆನ್ನಿಗೆ ಅಂಟು ಇದೆಯೇ ಎಂದು ತಿರುವಿ ನೋಡಿದ್ದರಂತೆ.

ಅವರು ಹೀಗಾದದ್ದು ಸುಮ್ಮನೆ ಅಲ್ಲ. ಬಾಡಿಗೆ ಅಗ್ರಿಮೆಂಟಿನ ಒಂದು ಸಾಲು ಅವರನ್ನು ಹೀಗೆ ಮಾಡಿತು: ಬಾಡಿಗೆದಾರರು ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ. ಅಗ್ರಿಮೆಂಟು ಎಲ್ಲರ ಹಾಗೆ ಹನ್ನೊಂದು ತಿಂಗಳದ್ದು. ವರ್ಷ ಮೀರಿದ ಗುತ್ತಿಗೆಯಾದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ಕಡ್ಡಾಯವಾಗಿ ರಿಜಿಸ್ಟರ್ ಮಾಡಿಸಬೇಕು, ಆ ಖರ್ಚು ಓಡಾಟ ಯಾರಿಗೆ ಬೇಕು? ಹನ್ನೊಂದು ತಿಂಗಳು ಇರುವುದಕ್ಕೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಕೊಟ್ಟು ಬೆಳೆದ ಊರು ನಮ್ಮದು. ಆ ದುಡ್ಡು ಓನರ್ ಕೈಯಲ್ಲಿರುವಷ್ಟು ದಿನ ಬಾಡಿಗೆದಾರನ ಪ್ರಾಣ ಗೋಡೆಯಲ್ಲಿರುತ್ತದೆ. ಓನರ್ ಜಯನಗರದಲ್ಲಿದ್ದಾರೆ. ತಿಂಗಳಿಗೊಮ್ಮೆ "ಸುಮ್ನೆ ಈ ಕಡೆ ಬಂದಿದ್ದೆ" ಎಂದು ಬರುತ್ತಾರೆ, ಕಾಫಿ ಕುಡಿಯುತ್ತಾರೆ, ಮಾತಾಡುವುದು ಮನುಷ್ಯರ ಜೊತೆ, ನೋಡುವುದು ಗೋಡೆಯನ್ನು. ಹಿಂದಿನ ಬಾಡಿಗೆಯವರು ಎಲ್ಲೆಲ್ಲಿ ಮೊಳೆ ಹೊಡೆದಿದ್ದರು ಎಂಬುದು ಅವರಿಗೆ ಇವತ್ತಿಗೂ ಬಾಯಿಪಾಠ.

ಮೊದಲ ಎರಡು ವರ್ಷ ಅಪ್ಪನವರ ಮನೆಯಲ್ಲಿ ಕ್ಯಾಲೆಂಡರು ಫ್ರಿಜ್ಜಿನ ಮೇಲೆ ಮಲಗಿತ್ತು. ತಾರೀಕು ನೋಡಬೇಕಾದವರು ಸ್ಟೂಲು ಹತ್ತುತ್ತಿದ್ದರು. ಹೀಗಿರುವಾಗ ಸ್ಕೂಟರಿಗೆ ಏನೋ ಹಾಕಿಸಲು ಜೆ.ಸಿ. ರಸ್ತೆಗೆ ಹೋದರು. ಅಲ್ಲಿಯ ರೇಡಿಯಂ ಕಟಿಂಗ್ ಅಂಗಡಿಗಳನ್ನು ನೀವು ನೋಡಿರಬಹುದು: ಲಾರಿಗೆ 'ತಾಯಿ ಆಶೀರ್ವಾದ', ಆಟೋಗೆ ಶಂಕರನಾಗ್, ಬೈಕಿಗೆ ಬೆಂಕಿಯ ಜ್ವಾಲೆ. ಎಚ್‌ಎಸ್‌ಆರ್‌ಪಿ ಬಂದ ಮೇಲೆ ನಂಬರ್ ಪ್ಲೇಟಿನ ಕೆಲಸ ಇಳಿದಿದ್ದರಿಂದ ಅಂಗಡಿಯವನು ಗೋಡೆಯ ಕೆಲಸಕ್ಕೂ ಕೈಹಾಕಿದ್ದ. ಕಂಪ್ಯೂಟರಿನಲ್ಲಿ ಚಿತ್ರ, ಪಕ್ಕದಲ್ಲಿ ಪ್ಲಾಟರು. ಅದರ ಪುಟ್ಟ ಬ್ಲೇಡು ಮೇಲಿನ ಬಣ್ಣದ ಪದರವನ್ನಷ್ಟೇ ಕೊಯ್ದು, ಕೆಳಗಿನ ನುಣುಪು ಕಾಗದವನ್ನು ಗೀರದೆ ಬಿಡುತ್ತದೆ. ಹುಡುಗನೊಬ್ಬ ಚಾಕುವಿನ ಮೊನೆಯಿಂದ ಬೇಡದ ಚೂರುಗಳನ್ನೆಲ್ಲ ಎತ್ತಿ ತೆಗೆದ. ಉಳಿದದ್ದು ಮರ. "ತೆಗೆದ್ರೆ ಗುರುತು ಉಳಿಯಲ್ವಾ?" ಎಂದು ಅಪ್ಪನವರು ಕೇಳಿದರಂತೆ. "ರಿಮೂವಬಲ್ ಸಾರ್, ಏನೂ ಗೊತ್ತಾಗಲ್ಲ" ಎಂದನಂತೆ ಹುಡುಗ. ಆ ಕ್ಷಣಕ್ಕೆ ದೀಕ್ಷೆಯಾಯಿತು.

ಅಂದಿನಿಂದ ಅಂಟಿನ ವಿಷಯದಲ್ಲಿ ಅವರ ಬಾಯಿ ಕಟ್ಟುವವರಿಲ್ಲ. ಲಿಫ್ಟಿನಲ್ಲಿ ಸಿಕ್ಕಿಬಿದ್ದರೆ ಮುಗಿಯಿತು. "ವಿನೈಲ್ ಅಂದ್ರೆ ಏನಂದ್ಕೊಂಡ್ರಿ? ಪಿವಿಸಿ ಕಣ್ರೀ. ನಿಮ್ಮ ನಲ್ಲಿ ಪೈಪು ಯಾವ್ದೋ ಅದೇ. ಅದು ಗಟ್ಟಿ, ಇದು ಮೆತ್ತಗೆ, ಅಷ್ಟೇ ವ್ಯತ್ಯಾಸ. 1926ರಲ್ಲಿ ಅಮೆರಿಕದಲ್ಲಿ, ಗುಡ್‌ರಿಚ್ ಕಂಪನೀಲಿ, ವಾಲ್ಡೊ ಸೆಮನ್ ಅಂತ ಒಬ್ಬರು ರಬ್ಬರನ್ನ ಲೋಹಕ್ಕೆ ಅಂಟಿಸೋಕೆ ಗೋಂದು ಹುಡುಕ್ತಾ ಇದ್ರು. ಗೋಂದು ಹುಡುಕ್ತಾ ಹೋದೋರಿಗೆ ಸಿಕ್ಕಿದ್ದು ಮೆತ್ತನೆ ವಿನೈಲು!" ಎಂದು ಅವರ ಮಹಡಿಯನ್ನು ದಾಟಿ ನಮ್ಮ ಜೊತೆ ಐದನೇ ಮಹಡಿಯವರೆಗೂ ಬರುತ್ತಾರೆ. 1935ರಲ್ಲಿ ಸ್ಟಾಂಟನ್ ಏವರಿ ಬೆನ್ನಿಗೆ ತಾನೇ ಅಂಟು ಹೊತ್ತ ಲೇಬಲ್ ಮಾಡಿದ್ದನ್ನು ಹೇಳಿ ಮುಗಿಸಿ, ಮತ್ತೆ ಕೆಳಗಿಳಿಯುತ್ತಾರೆ.

ಆದರೆ ಅವರನ್ನು ನೋಡಬೇಕಾದ್ದು ಮಾತಾಡುವಾಗಲ್ಲ, ಅಂಟಿಸುವಾಗ.

ಭಾನುವಾರ ಬೆಳಿಗ್ಗೆ ತಿಂಡಿ ಆಗಿದೆ. ಸೋಫಾ ಎಳೆದಾಗಿದೆ. ಫ್ಯಾನು ಹಾಕುವಂತಿಲ್ಲ, ಗಾಳಿಗೆ ಹಾಳೆ ಮಡಚಿ ತನಗೆ ತಾನೇ ಅಂಟಿಕೊಂಡರೆ ದೇವರು ಬಂದರೂ ಬಿಡಿಸಲಾರ. ಬನಿಯನ್ನಿನಲ್ಲಿ ನಿಂತ ಅಪ್ಪನವರು ಮೊದಲು ಗೋಡೆಯನ್ನು ಒಣಬಟ್ಟೆಯಿಂದ ಒರೆಸುತ್ತಾರೆ. ಮೊಬೈಲನ್ನು ಗೋಡೆಗೆ ಆನಿಸಿ ಮಟ್ಟ ನೋಡಿ ಪೆನ್ಸಿಲಿನಲ್ಲಿ ಕಾಣಿಸದಷ್ಟು ಸಣ್ಣ ಗುರುತು ಹಾಕುತ್ತಾರೆ. ಅದು ನಿಜವಾಗಿಯೂ ಕಾಣಿಸದೆ ಮತ್ತೆ ಹಾಕುತ್ತಾರೆ. ಹೆಂಡತಿ ಮರದ ತುದಿ ಹಿಡಿದು ಸ್ಟೂಲಿನ ಮೇಲೆ. ಮರದ ಮುಖಕ್ಕೆ ಟ್ರಾನ್ಸ್‌ಫರ್ ಟೇಪು ಹಾಕಿರುತ್ತದೆ. ಹಿಂದಿನ ಕಾಗದವನ್ನು ಗೇಣುಗೇಣಾಗಿ ಬಿಡಿಸುತ್ತ, ಹಳೇ ಎಟಿಎಂ ಕಾರ್ಡಿನಿಂದ ನಡುವಿನಿಂದ ಅಂಚಿಗೆ ಉಜ್ಜುತ್ತ ಬರಬೇಕು. ಆಮೇಲೆ ಟೇಪನ್ನು ಓರೆಯಾಗಿ, ನಿಧಾನಕ್ಕೆ ಕೀಳಬೇಕು.

"ರೀ, ಕೈ ನೋಯ್ತಾ ಇದೆ."

"ಇನ್ನೊಂದು ನಿಮಿಷ. ಉಸಿರು ಬಿಡಬೇಡ, ಎಲೆ ಅಲ್ಲಾಡತ್ತೆ."

ಟೇಪಿನ ಜೊತೆ ಎರಡು ಕೊಂಬೆ ಎದ್ದು ಬರುತ್ತವೆ. ಮತ್ತೆ ಒತ್ತು, ಮತ್ತೆ ಉಜ್ಜು. ಬುಡದಲ್ಲಿ ಗಾಳಿ ಸಿಕ್ಕಿ ಗುಳ್ಳೆ ಎದ್ದಿದೆ. ಗುಂಡುಸೂಜಿಯಿಂದ ಚುಚ್ಚಿ, ಉಗುರಿನಿಂದ ಸವರಿ, ದೂರ ನಿಂತು ನೋಡಿ, ಹತ್ತಿರ ಬಂದು ಇನ್ನೊಮ್ಮೆ ಚುಚ್ಚುತ್ತಾರೆ. ಬಿಡಿ ಎಲೆಗಳು ಬೇರೆ ಹಾಳೆಯಲ್ಲಿ. ಒಂದೊಂದನ್ನೇ ಬೆರಳ ತುದಿಯಲ್ಲಿ ಎತ್ತಿ ಅಂಟಿಸಬೇಕು. ಎಲೆಗೆ ಗೋಡೆಗಿಂತ ಬೆರಳೇ ಪ್ರಿಯ. ಮಗ ತನ್ನ ಪಾಲಿಗೆ ಬಂದ ಹಕ್ಕಿಯನ್ನು ತಲೆಕೆಳಗಾಗಿ ಅಂಟಿಸುತ್ತಾನೆ. ಕಿತ್ತು ಸರಿಮಾಡಬಹುದಲ್ಲ ಎಂದರೆ ಅಪ್ಪನವರು ಒಪ್ಪುವುದಿಲ್ಲ, ಎರಡನೇ ಸಲಕ್ಕೆ ಅಂಟು ಸೋಲುತ್ತದೆ. ಹಕ್ಕಿ ಬಾವಲಿಯಾಗಿ ಉಳಿಯುತ್ತದೆ. ಸಂಜೆ ತರಕಾರಿ ತರಲು ಹೊರಟ ಅಪ್ಪನವರ ಮೊಣಕೈಯಲ್ಲಿ ಮೂರು ಎಲೆ.

ಮರ, ಹಕ್ಕಿ, ಬುದ್ಧ ಇವುಗಳ ಬಗ್ಗೆ ನನ್ನ ತಕರಾರಿಲ್ಲ. ನನಗೆ ಆಗದಿರುವುದು ಗೋಡೆಯ ಮೇಲಿನ ಇಂಗ್ಲಿಷ್ ಉಪದೇಶ: ಈ ಮನೆಯಲ್ಲಿ ನಾವು ಜೋರಾಗಿ ನಗುತ್ತೇವೆ, ಕ್ಷಮಿಸುತ್ತೇವೆ, ಅಪ್ಪಿಕೊಳ್ಳುತ್ತೇವೆ ಇತ್ಯಾದಿ. ಅಪ್ಪನವರ ಊಟದ ಮೇಜಿನ ಮೇಲ್ಗಡೆ ಇದೂ ಇದೆ. ಗ್ಯಾಸ್ ಬುಕ್ ಮಾಡುವುದು ಯಾರು ಮರೆತದ್ದು ಎಂಬ ವಿಷಯಕ್ಕೆ ಗಂಡ ಹೆಂಡತಿ ಮಾತು ಬಿಟ್ಟು ಅದರ ಕೆಳಗೇ ಕೂತು ಉಪ್ಪಿಟ್ಟು ತಿನ್ನುವುದನ್ನು ನಾನು ಕಂಡಿದ್ದೇನೆ.

ಊರಿಂದ ಅಮ್ಮ ಬಂದದ್ದು ಇಂಥ ಮನೆಗೆ. ಅವರದು ಸಾಗರದ ಕಡೆ. ಆ ಸೀಮೆಯ ದೀವರ ಮನೆಗಳ ಗೋಡೆಯ ಮೇಲೆ ಚಿತ್ತಾರ ಬರೆಯುವ ಹೆಣ್ಣುಮಕ್ಕಳ ಪೈಕಿ ಅಮ್ಮನೂ ಒಬ್ಬರು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳುಪು, ಅಕ್ಕಿ ಸುಟ್ಟ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ. ಅಮ್ಮ ಚೀಲ ಕೆಳಗಿಡುವ ಮೊದಲೇ ಮರವನ್ನು ನೋಡಿದರು.

"ಇದೆಂತದ ಮಾರಾಯ? ಒಣಗಿದ ಮರಾನ ಯಾರಾದ್ರೂ ನಡುಮನೇಲಿ ನಿಲ್ಲಿಸ್ತಾರಾ?"

"ಒಣಗಿದ್ದಲ್ಲಮ್ಮ, ಡಿಸೈನೇ ಹಂಗೆ. ಬೇಡ ಅಂದ್ರೆ ಯಾವಾಗ ಬೇಕಾದ್ರೂ ಕೀಳಬಹುದು."

"ಕೀಳೋದೇ ಆದ್ರೆ ಅಂಟಿಸಿದ್ದೆಂತಕ್ಕೆ?"

ಇದಕ್ಕೆ ಅಪ್ಪನವರ ಹತ್ತಿರ ಉತ್ತರವಿರಲಿಲ್ಲ. ಹಾಗೆಂದು ಅಮ್ಮ ಸ್ಟಿಕರ್ ವಿರೋಧಿಯೇನೂ ಅಲ್ಲ. ಮಂಡಿ ನೋವು. ವಾರ ಕಳೆಯುವುದರೊಳಗೆ ಸೊಸೆಯ ಜೊತೆ ಗಾಂಧಿಬಜಾರಿಗೆ ಹೋಗಿ ರಂಗೋಲಿ ಸ್ಟಿಕರ್, ಲಕ್ಷ್ಮೀ ಪಾದದ ಸ್ಟಿಕರ್ ಚೌಕಾಸಿ ಮಾಡಿ ತಂದರು. ಪಾದ ಅಂಟಿಸಿದ್ದು ಮೊಮ್ಮಗ. ಲಕ್ಷ್ಮಿ ಮನೆಯಿಂದ ಆಚೆ ಹೋಗುತ್ತಿದ್ದಾಳೆ ಎಂದು ಅಮ್ಮ ಕೂಗಿಕೊಂಡ ಮೇಲೆ ತಿರುಗಿಸಲಾಯಿತು.

ಅಪ್ಪನವರಿಗೆ ಅಲ್ಲಿಂದ ಹೊಳೆಯಿತು. ಅಮ್ಮನಿಂದ ಒಂದು ಹಸೆ ಚಿತ್ತಾರ ಹಾಳೆಯ ಮೇಲೆ ಬರೆಸಿ, ಫೋಟೋ ತೆಗೆದು ಜೆ.ಸಿ. ರಸ್ತೆಗೆ ಹೊತ್ತೊಯ್ದರು. ಅಂಗಡಿಯವನು ಹಿಗ್ಗಿಸಿ ನೋಡಿದ, ಕುಗ್ಗಿಸಿ ನೋಡಿದ. ದಾರದಷ್ಟು ಸಣ್ಣ ಗೆರೆ, ಗೆರೆಯ ಪಕ್ಕ ಗೆರೆ. ಬ್ಲೇಡು ಕೊಯ್ದರೂ, ನಡುವಿನ ಚೂರು ತೆಗೆಯುವಾಗ ಗೆರೆಯೂ ಜೊತೆಗೇ ಎದ್ದು ಬರುತ್ತದೆ. ಅರ್ಧ ದಿನ ಒದ್ದಾಡಿದ ಹುಡುಗ ಚಾಕು ಕೆಳಗಿಟ್ಟು, "ಇದು ಆಗಲ್ಲ ಸಾರ್. ಬೇಕಾದ್ರೆ ಇದೇ ರೇಟಿಗೆ ಹುಲಿ ಮುಖ ಹಾಕ್ಕೊಡ್ತೀನಿ" ಎಂದ. ಅಮ್ಮ ಈ ಸುದ್ದಿ ಕೇಳಿ ಮೂರು ದಿನ ಬಹಳ ಗೆಲುವಾಗಿದ್ದರು.

ಮಳೆಗಾಲ ಶುರುವಾದ ಮೇಲೆ ಮರ ಎಲೆ ಉದುರಿಸತೊಡಗಿತು. ಓನರ್ ಬಳಿಸಿದ್ದು ಅಗ್ಗದ ಡಿಸ್ಟೆಂಪರು, ಅಂಗೈ ಸವರಿದರೆ ಬಿಳಿ ಪುಡಿ ಬರುತ್ತದೆ. ಅಂಟು ಪುಡಿಯನ್ನು ಹಿಡಿಯುತ್ತದೆಯೇ ಹೊರತು ಗೋಡೆಯನ್ನಲ್ಲ. ಮೇಲಿನ ಮನೆಯ ಬಚ್ಚಲಿನ ತೇವ ಬೇರೆ. ಎಲೆ ಪೊರಕೆಗೆ ಅಂಟಿತು, ಮಗನ ಟಿಫಿನ್ ಡಬ್ಬಿಗೆ ಅಂಟಿತು. "ಗೋಡೆ ಮೇಲಿನ ಮರದ ಕಸಾನೂ ಗುಡಿಸೋದು ಈ ಊರಲ್ಲಿ ನಾನೊಬ್ಳೇ" ಎಂದು ಅವರ ಮನೆಯವರು ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡರು.

ಕೊನೆಗೆ ಮನೆ ಖಾಲಿ ಮಾಡುವ ದಿನ ಬಂತು. ಅಪ್ಪನವರು ಈ ದಿನಕ್ಕಾಗಿಯೇ ಬದುಕಿದ್ದವರು. ಹೆಂಡತಿಯ ಹೇರ್ ಡ್ರೈಯರ್ ಹಿಡಿದು, ಅಂಟು ಮೆತ್ತಗಾಗುವಷ್ಟು ಬಿಸಿ ಕೊಟ್ಟು, ಮೂಲೆಯಿಂದ ಹದವಾಗಿ ಎಳೆದರು. ಒಂದೆರಡು ವರ್ಷಕ್ಕೆಂದು ಮಾಡಿದ ಅಂಟು ನಾಲ್ಕು ವರ್ಷ ಕೂತು ಗಟ್ಟಿಯಾಗಿತ್ತು. ಸ್ಟಿಕರು ಬಂತು. ಸ್ಟಿಕರಿನ ಬೆನ್ನಿಗೆ ಬಣ್ಣ ಬಂತು, ಬಣ್ಣದ ಬೆನ್ನಿಗೆ ಪುಟ್ಟಿ ಬಂತು. ಕರೀ ಮರ ಹೋಗಿ ಅದೇ ಜಾಗದಲ್ಲಿ, ಅದೇ ವಾಲು, ಅದೇ ಪಂಜರದ ಬೂದು ಸಿಮೆಂಟಿನ ಮರ ನಿಂತಿತು.

ಓನರ್ ಬಂದರು. ಕಾಫಿ ಇರಲಿಲ್ಲ, ಲೋಟ ಎಲ್ಲ ಪ್ಯಾಕಾಗಿತ್ತು. ಬಹಳ ಹೊತ್ತು ನೋಡಿ, "ಮೊಳೆ ಹೊಡೆದಿಲ್ಲ ತಾನೆ?" ಎಂದರು.

"ಒಂದೂ ಇಲ್ಲ ಸಾರ್."

"ಒಳ್ಳೇದಾಯ್ತು" ಎಂದು ಪೇಂಟಿಂಗ್ ಬಾಬ್ತು ಒಂದು ತಿಂಗಳ ಬಾಡಿಗೆ ಮುರಿದುಕೊಂಡು ಉಳಿದದ್ದನ್ನು ಕೊಟ್ಟರು. ಮೊಳೆ ಹೊಡೆದವರಿಗೂ ಇಷ್ಟೇ ಮುರಿಯುತ್ತಾರೆ, ಹೊಡೆಯದವರಿಗೂ ಇಷ್ಟೇ. ಇದು ಬೆಂಗಳೂರಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ, ಅಕೌಂಟ್ಸ್‌ನಲ್ಲಿದ್ದ ಅಪ್ಪನವರಿಗೂ ಗೊತ್ತಿತ್ತು.

ಈಗ ಅವರದು ಕನಕಪುರ ರಸ್ತೆಯ ಕಡೆ ಸ್ವಂತ ಫ್ಲಾಟು. ಗೃಹಪ್ರವೇಶದ ಮುಂದಿನ ತಿಂಗಳು ಹೋಗಿದ್ದೆ. ಒಳ್ಳೆಯ ಎಮಲ್ಷನ್ ಬಣ್ಣ. ಹೊಸ ಬಣ್ಣ ಮೂರು ನಾಲ್ಕು ವಾರ ಒಣಗದೆ ಏನೂ ಅಂಟಿಸಬಾರದು ಎಂದು ಕಾದು, ಆಗಷ್ಟೇ ಹೊಸ ಮರ ಹಚ್ಚಿದ್ದರು. ಕ್ಯಾಲೆಂಡರು ಮಾತ್ರ ಇಲ್ಲಿಯೂ ಫ್ರಿಜ್ಜಿನ ಮೇಲೆ.

"ಇನ್ನೇನು ಸಾರ್, ಸ್ವಂತ ಗೋಡೆ. ಧಾರಾಳವಾಗಿ ಮೊಳೆ ಹೊಡೀರಿ" ಎಂದೆ.

ಅಪ್ಪನವರು ನನ್ನನ್ನು ಬಾಲ್ಕನಿಗೆ ಕರೆದೊಯ್ದು ದನಿ ತಗ್ಗಿಸಿದರು. "ಪತ್ರ ಎಲ್ಲಾ ಬ್ಯಾಂಕಲ್ಲಿದೆ ಕಣ್ರೀ. ಇಪ್ಪತ್ತು ವರ್ಷದ ಲೋನು. ಅಲ್ಲೀವರೆಗೂ ಅವರೇ ಓನರ್ ಇದ್ದಂಗೆ. ನಾಳೆ ಯಾರಾದ್ರೂ ನೋಡೋಕೆ ಬಂದ್ರೆ?"

ಒಳಗಿನಿಂದ ಗರ್‌ರ್ ಎಂದು ಸದ್ದು ಬಂತು. ಅವರ ಮನೆಯವರು ನಮಗೆ ಹೇಳದೆ ಡ್ರಿಲ್ಲಿಂಗ್‌ನವನನ್ನು ಕರೆಸಿದ್ದರು. ನಾವು ಓಡಿ ಹೋಗುವಷ್ಟರಲ್ಲಿ ಹುಡುಗ ಗುರುತಿಗಿಂತ ಒಂದು ಗೇಣು ಆಚೆ ತೂತು ಕೊರೆದು, ಕೊರೆದದ್ದನ್ನೇ ಪಿಳಿಪಿಳಿ ನೋಡುತ್ತ ನಿಂತಿದ್ದ. ಮನೆಯವರು ತಲೆಯ ಮೇಲೆ ಕೈಯಿಟ್ಟುಕೊಂಡರು. ಅಪ್ಪನವರ ಮುಖದ ಮೇಲೆ ಮಾತ್ರ ನಾನು ಅಷ್ಟು ದಿನ ಕಾಣದ ಕಳೆ ಬಂತು. "ಇರು ಇರು, ಏನೂ ಯೋಚನೆ ಮಾಡಬೇಡ" ಎನ್ನುತ್ತ ಬೀರು ತೆಗೆದು, ರಟ್ಟಿನ ಕೊಳವೆಗಳನ್ನೆಲ್ಲ ನೆಲದ ಮೇಲೆ ಹರವಿ, ಆ ತೂತಿನಳತೆಯ ಚಿಟ್ಟೆ ಹುಡುಕಲು ಕೂತೇಬಿಟ್ಟರು.